ಶುಕ್ರವಾರ ಲಾನ್ ಹಾಸು ಬರ್ತಿದೆ, ನೀರು ದಿನ ಬಿಟ್ಟು ದಿನ. ಏನು ಮಾಡೋದು?

ಹೂಟಗಳ್ಳಿ ಹೊಸಬ · ಮಂಗಳವಾರ ರಾತ್ರಿ 9:12
ನಮಸ್ಕಾರ. ಮೈಸೂರಿನಲ್ಲಿ ಹೊಸ ಮನೆ ಮುಂದೆ 15×40 ಜಾಗ ಇದೆ, ಅಂದ್ರೆ 600 ಚದರಡಿ. ಮೆಕ್ಸಿಕನ್ ಹುಲ್ಲಿನ ಹಾಸಿಗೆ (ಬೆಳೆದ ಹುಲ್ಲನ್ನ ಬೇರು ಸಮೇತ ತುಂಡು ತುಂಡಾಗಿ ತಂದು ಹಾಸೋದು) ಅಡ್ವಾನ್ಸ್ ಕೊಟ್ಟಾಗಿದೆ, ಶುಕ್ರವಾರ ಬೆಳಿಗ್ಗೆ ಗಾಡಿ ಬರುತ್ತೆ. ಈಗ ನೋಡಿದ್ರೆ ನಲ್ಲೀಲಿ ನೀರು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ ಎರಡು ಗಂಟೆ ಕಾಲ. ಮೊನ್ನೆ ಬಡಾವಣೆ ಸಂಘದಿಂದ ನೋಟಿಸ್ ಬೇರೆ ಬಂತು: ನಲ್ಲಿ ನೀರನ್ನ ಪೈಪ್ ಹಾಕಿ ತೋಟಕ್ಕೆ ಬಿಡಬಾರದು, ಕಾರು ತೊಳೀಬಾರದು, ಜೂನ್‌ವರೆಗೆ. ಸಂಪು 6000 ಲೀಟರ್, ಮೇಲೆ ಟ್ಯಾಂಕ್ 1000 ಲೀಟರ್. ಬೋರ್ ಇಲ್ಲ. ಮನೇಲಿ 4 ಜನ.

ನರ್ಸರಿಯವರು "ಮೊದಲನೇ ತಿಂಗಳು ಎರಡು ಹೊತ್ತು ಚೆನ್ನಾಗಿ ನೀರು ಬಿಡಿ ಸಾರ್, ಅಷ್ಟೇ" ಅಂತಾರೆ. ಚೆನ್ನಾಗಿ ಅಂದ್ರೆ ಎಷ್ಟು ಅಂತ ಯಾರೂ ಹೇಳಲ್ಲ. ಮಾರ್ಚ್ ತಿಂಗಳಲ್ಲಿ ಇದು ಆಗೋ ಕೆಲಸವಾ?

ಬೋಗಾದಿ ಗುದ್ದಲಿ · 9:20
ಆಗಲ್ಲ. ಗಾಡಿ ಬೇಡ ಅನ್ನಿ. ಸೆಪ್ಟೆಂಬರಿನಲ್ಲಿ ಉತ್ತರೆ ಮಳೆಗೆ ಹಾಕಿ.

ಲೆಕ್ಕದ ಮೇಷ್ಟ್ರು · 9:41
ಆಗುತ್ತೋ ಇಲ್ಲವೋ ಆಮೇಲೆ ನೋಡೋಣ, ಮೊದಲು ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ನೀರು ನಿಂತರೆ ಅದು 1 ಲೀಟರ್. ನಿಮ್ಮ 600 ಚದರಡಿ ಸುಮಾರು 56 ಚದರ ಮೀಟರ್. ಹಾಸು ಹಾಸಿದ ದಿನ ಕೆಳಗಿನ ಮಣ್ಣು 4 ಅಂಗುಲ ನೆನೆಯಬೇಕು. ಅದಕ್ಕೆ 20 ಮಿ.ಮೀ., ಅಂದರೆ 1120 ಲೀಟರ್. ಆಮೇಲೆ ಎರಡು ವಾರ, ಬೇರು ಇಳಿಯುವ ತನಕ, ದಿನಕ್ಕೆ 5 ಮಿ.ಮೀ. ಅಂದರೆ 280 ಲೀಟರ್. 14 ದಿನಕ್ಕೆ 3920. ಎಲ್ಲ ಸೇರಿ 5000 ಲೀಟರ್ ದಾಟಿತು, ಸಂಪು ತಳ ಕಂಡಿತು.

ಬೇರು ಹಿಡಿದ ಮೇಲೂ ಏಪ್ರಿಲ್ ಬಿಸಿಲಲ್ಲಿ ಸರಾಸರಿ ದಿನಕ್ಕೆ 4 ಮಿ.ಮೀ. ಹತ್ತಿರ ಬೇಕೇ ಬೇಕು. 224 ಲೀಟರ್. ಊರಿನ ನೀರು ಸರಬರಾಜಿನ ಲೆಕ್ಕ ತಲೆಗೆ 135 ಲೀಟರ್. ಅಂದರೆ ನಿಮ್ಮ ಮನೆಗೆ ಇನ್ನೂ ಒಂದೂವರೆ ಆಳು ಬಂದು ಕೂತ ಹಾಗೆ, ಅದೂ ನೀರು ಕುಡಿದುಕೊಂಡು ಸುಮ್ಮನೆ ಮಲಗಿರೋ ಆಳು.

ಬರಿಗಾಲು · 9:44
ಮೇಷ್ಟ್ರೇ 😂

ಬರಿಗಾಲು · 9:46
ಬೃಂದಾವನ ನೋಡ್ಕೊಂಡು ಬಂದು ಎಲ್ರಿಗೂ ಲಾನ್ ಬೇಕು ಅನ್ಸುತ್ತೆ. ಅದರ ತಲೆ ಮೇಲೆ ಕೆಆರ್‌ಎಸ್ ಅಣೆಕಟ್ಟಿನ 124.80 ಅಡಿ ನೀರು ನಿಂತಿರುತ್ತೆ ಸ್ವಾಮಿ. ನಿಮ್ಮ ತಲೆ ಮೇಲೆ ಇರೋದು ಸಾವಿರ ಲೀಟರಿನ ಕಪ್ಪು ಟ್ಯಾಂಕು.

ಮಂಡ್ಯದ ಗದ್ದೆಬದು · 9:52
124.80 ತುಂಬಿದಾಗ. 2023ರಲ್ಲಿ ತುಂಬಲೇ ಇಲ್ಲ, ಮರೆತುಬಿಟ್ರಾ?

ಹೂಟಗಳ್ಳಿ ಹೊಸಬ · 9:58
ಸಂಪಿನ ನೀರು ಬಿಡಬಹುದಲ್ವಾ? ನೋಟಿಸಿನಲ್ಲಿ "ಪೈಪ್" ಅಂತ ಮಾತ್ರ ಇದೆ.

ಅರ್ಧ ಇಂಚು ಪೈಪು · 10:03
ಸಂಪಿಗೆ ಬಂದಿದ್ದು ಎಲ್ಲಿಂದ ಗುರು? ಅದೂ ನಲ್ಲಿ ನೀರೇ. ಅಕ್ಷರಕ್ಕೆ ಸರಿ, ಅರ್ಥಕ್ಕೆ ತಪ್ಪು. ಇನ್ನೊಂದು ಮಾತು ಈಗಲೇ ಹೇಳಿಬಿಡ್ತೀನಿ, ಒತ್ತಡ ಸಾಲಲ್ಲ ಅಂತ ನಲ್ಲಿ ಲೈನಿಗೇ ಮೋಟರ್ ಕೂರಿಸೋ ಯೋಚನೆ ಮಾಡಬೇಡಿ. ನಿಯಮಕ್ಕೂ ವಿರುದ್ಧ. ಲೈನಿನಲ್ಲಿ ಗಾಳಿ ಎಳೆದು ಸೋರಿಕೆ ಇರೋ ಕಡೆಯಿಂದ ಚರಂಡಿ ನೀರೂ ಒಳಗೆ ಬರುತ್ತೆ, ಪಕ್ಕದ ಮನೆಗೂ ಅದೇ ಹೋಗುತ್ತೆ.

ಕೆಸರೆ ಕುಂಟೆ · 10:10
5000 ರೂಪಾಯಿ ದಂಡ ಇದೆ ಅಲ್ವಾ ಇದಕ್ಕೆ?

ಅರ್ಧ ಇಂಚು ಪೈಪು · 10:12
ಅದು 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಹಾಕಿದ್ದು, ಕುಡಿಯೋ ನೀರಲ್ಲಿ ಕೈದೋಟ, ಕಾರು, ಕಾರಂಜಿ ಅಂತೆಲ್ಲ. ಇಲ್ಲಿ ಇವರು ಹೇಳ್ತಿರೋದು ಬಡಾವಣೆ ಸಂಘದ ನೋಟಿಸ್. ಎರಡೂ ಕಲಸಬೇಡಿ.

ಸರಸ್ವತಿಪುರಂ ಅಕ್ಕ · 10:25
ನಾಲ್ಕು ಜನ ಇರೋ ಮನೆಯಲ್ಲಿ ಸ್ನಾನದ ನೀರೇ ದಿನಕ್ಕೆ 120 ಲೀಟರ್ ಮೇಲೆ ಚರಂಡಿಗೆ ಹೋಗುತ್ತೆ. ಬಟ್ಟೆ ಮೆಷಿನ್ನಿನ ಕೊನೆಯ ಜಾಲಾಡೋ ನೀರು 30-40 ಲೀಟರ್. ನೋಟಿಸಿನವರು ಅದಕ್ಕೆ ಏನೂ ಅನ್ನೋ ಹಾಗಿಲ್ಲ.

ಒಂದು 200 ಲೀಟರಿನ ಡ್ರಮ್ ತಗೊಳ್ಳಿ. ತಳದಿಂದ 2 ಅಂಗುಲ ಮೇಲೆ ಮುಕ್ಕಾಲು ಇಂಚಿನ ನಲ್ಲಿ ಹಾಕಿಸಿ. ಒಳಗೆ 6 ಅಂಗುಲ ದಪ್ಪ ಜಲ್ಲಿ, ಅದರ ಮೇಲೆ ಸೊಳ್ಳೆಪರದೆಯ ಬಲೆ ಎರಡು ಮಡಿಕೆ, ಅದರ ಮೇಲೆ 6 ಅಂಗುಲ ತೊಳೆದ ದಪ್ಪ ಮರಳು. ಬಲೆ ಇಲ್ಲದಿದ್ದರೆ ಮರಳು ಜಲ್ಲಿ ಸಂದಿಗೆ ಇಳಿದು ನಲ್ಲಿ ಕಟ್ಟಿಕೊಳ್ಳುತ್ತೆ. ಬಚ್ಚಲಿನ ಪೈಪನ್ನ ಇದರೊಳಗೆ ತಿರುಗಿಸಿ, ಬಾಯಿಗೆ ಹಳೇ ಪಂಚೆ ಕಟ್ಟಿದ್ರೆ ಕೂದಲು ಅಲ್ಲೇ ನಿಲ್ಲುತ್ತೆ. ಮರಳಿನ ಮೇಲಿನ ಒಂದು ಅಂಗುಲ ಹದಿನೈದು ದಿನಕ್ಕೊಮ್ಮೆ ತೆಗೆದು ತೊಳೆದು ಹಾಕಬೇಕು. ಜಲ್ಲಿ, ಮರಳು ಜಾಗ ತಿಂದು ನೀರು ನಿಲ್ಲೋದು ನೂರು ಚಿಲ್ಲರೆ ಲೀಟರ್, ಆದ್ದರಿಂದ ಪಕ್ಕದಲ್ಲಿ ಇನ್ನೊಂದು ಡ್ರಮ್ ಇರಲಿ. ಆದರೆ 24 ಗಂಟೆಗಿಂತ ಹೆಚ್ಚು ಇಡಬೇಡಿ. ಎರಡನೇ ದಿನಕ್ಕೆ ಕೊಳೆತ ಮೊಟ್ಟೆ ವಾಸನೆ, ಸೊಳ್ಳೆ ಬೇರೆ.

ಅಡುಗೆಮನೆ ನೀರು ಬೇಡ, ಎಣ್ಣೆ ಇರುತ್ತೆ, ಮಣ್ಣಿನ ಮೇಲೆ ಪದರ ಕಟ್ಟುತ್ತೆ. ಮೆಷಿನ್ನಿನ ಮೊದಲ ನೀರೂ ಬೇಡ, ಅದರಲ್ಲಿ ಸೋಪಿನ ಪುಡಿಯ ಸೋಡಿಯಂ ಎಲ್ಲ ಇರುತ್ತೆ.

ಹೂಟಗಳ್ಳಿ ಹೊಸಬ · 10:31
ಅಕ್ಕ, ಆರ್‌ಓ ಫಿಲ್ಟರಿನಿಂದ ಹೊರಗೆ ಬರೋ ನೀರು?

ಸರಸ್ವತಿಪುರಂ ಅಕ್ಕ · 10:34
ನಲ್ಲಿ ನೀರಿಗೆ ಹಾಕಿರೋ ಆರ್‌ಓ ಆದ್ರೆ ಬಚ್ಚಲು ನೀರಿಗೆ ಬೆರೆಸಿ, ತೊಂದರೆ ಇಲ್ಲ. ಬೋರ್ ನೀರಿನ ಆರ್‌ಓ ಆದ್ರೆ ಬೇಡ. ಇದ್ದ ಉಪ್ಪೆಲ್ಲ ಆ ಹೊರಗೆ ಹೋಗೋ ನೀರಿನಲ್ಲೇ ಗಟ್ಟಿಯಾಗಿರುತ್ತೆ, ಎಳೇ ಬೇರಿಗೆ ತಡೆಯಲ್ಲ.

ಮಂಡ್ಯದ ಗದ್ದೆಬದು · 10:40
ಅಕ್ಕ ಹೇಳಿದ್ದು ಮೈಸೂರಿನ ಕೆಂಪು ಮರಳು ಮಣ್ಣಿಗೆ ಸರಿ. ನಮ್ಮ ಕಡೆ ನಾಲೆ ಬಯಲಿನಲ್ಲಿ ಮಣ್ಣೇ ಚೌಳು. ಅಲ್ಲಿ ಸೋಪಿನ ನೀರು ಬಿಟ್ರೆ ಸೋಡಿಯಂ ಕೂತು ಮಣ್ಣು ಕಲ್ಲಾಗುತ್ತೆ, ನೀರು ಇಳಿಯೋದೇ ಇಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಬೇಕು ಅಂದ್ರೆ ಜಿಪ್ಸಂ ಹಾಕಿ, ಆಮೇಲೆ ಈ ಡ್ರಮ್ ಗಿಮ್ಮು. ಮಂಡ್ಯದವರಿಗೆ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ಇದ್ದೇ ಇದೆ.

ಜೇಕುವೈರಿ · 10:58
ನೀರಿನ ಬಗ್ಗೆ ಎಲ್ರೂ ಮಾತಾಡ್ತಿದ್ದೀರ, ಹೊಸ ಮನೆ ಅಂತ ಹೇಳಿದ್ದನ್ನ ಯಾರೂ ಓದಲಿಲ್ಲ. ಹೊಸಬರೇ, ಆ 600 ಚದರಡಿ ಮಣ್ಣು ಅಗೆದು ನೋಡಿದ್ದೀರಾ?

ಹೂಟಗಳ್ಳಿ ಹೊಸಬ · 11:02
ಮೇಸ್ತ್ರಿ ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ಹೊಡೆಸಿ ಮಟ್ಟ ಮಾಡಿ ಕೊಟ್ಟಿದ್ದಾರೆ. ನೋಡೋಕೆ ಚೆನ್ನಾಗಿದೆ.

ಜೇಕುವೈರಿ · 11:15
ನೋಡೋಕೆ ಚೆನ್ನಾಗೇ ಇರುತ್ತೆ. ಬೆಳಿಗ್ಗೆ ಹಾರೆ ತಗೊಂಡು ನಾಲ್ಕು ಕಡೆ ಒಂದಡಿ ಗುಂಡಿ ತೋಡಿ. 3 ಅಂಗುಲ ಕೆಮ್ಮಣ್ಣು, ಅದರ ಕೆಳಗೆ ಗಾರೆ ಚೂರು, ಟೈಲ್ಸ್ ತುಂಡು, ಸಿಮೆಂಟ್ ಚೀಲ, ಕಂಬಿ ಕಟ್ಟೋ ತಂತಿ. ಕಾಂಕ್ರೀಟ್ ಕಲಸಿದ ಜಾಗ ಆಗಿದ್ರೆ ಇಡೀ ಒಂದು ಹಾಳೆ ಸಿಮೆಂಟ್ ಹಾಲು ಗಟ್ಟಿಯಾಗಿ ಕೂತಿರುತ್ತೆ. ಸಲಾಕೆ ತಾಗಿದ್ರೆ ಟಣ್ ಅನ್ನುತ್ತೆ, ಅಷ್ಟು. ಅದರ ಮೇಲೆ ನೀವು 280 ಅಲ್ಲ, 500 ಲೀಟರ್ ಬಿಟ್ರೂ ಬೇರು 3 ಅಂಗುಲದಲ್ಲೇ ನಿಲ್ಲುತ್ತೆ. ಆ 3 ಅಂಗುಲ ಮಣ್ಣಿನಲ್ಲಿ ಹಿಡಿಯೋ ನೀರು ಎರಡು ದಿನಕ್ಕೆ ಮುಗಿಯುತ್ತೆ. ದಿನ ಬಿಟ್ಟು ದಿನ ನೀರು ಬರೋ ಊರಿನಲ್ಲಿ ಲಾನ್ ಸಾಯೋದು ನೀರು ಕಮ್ಮಿ ಆಗಿ ಅಲ್ಲ, ಆ ನೀರನ್ನ ಹಿಡಿದಿಡೋಕೆ ಕೆಳಗೆ ಮಣ್ಣಿಲ್ಲದೆ.

9 ಅಂಗುಲ ಅಗೆದು ಜರಡಿ ಹಿಡಿಸಬೇಕು. ಚದರ ಮೀಟರಿಗೆ 4-5 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಹಸಿ ಸಗಣಿ ಹಾಕಿದ್ರೆ ಗೊಣ್ಣೆ ಹುಳುವಿಗೆ ಮನೆ ಮಾಡಿಕೊಟ್ಟ ಹಾಗೆ, ಬೇರು ಕತ್ತರಿಸಿ ತಿಂದು ಹಾಸು ಚಾಪೆ ಥರ ಎದ್ದು ಬರುತ್ತೆ. ತೆಂಗಿನ ನಾರಿನ ಪುಡಿ ತೊಳೆದಿರೋದು ಸಿಕ್ರೆ ಅದನ್ನೂ ಬೆರೆಸಿ. ಇಟ್ಟಿಗೆ ಥರ ಒತ್ತಿದ 5 ಕೆ.ಜಿ. ಪುಡಿ ನೆನೆಸಿದ್ರೆ 70 ಲೀಟರ್ ಹತ್ತಿರ ಆಗುತ್ತೆ. ತೊಳೆಯದ್ದು ಉಪ್ಪು.

ಇಷ್ಟು ಕೆಲಸ ಶುಕ್ರವಾರದ ಒಳಗೆ 600 ಚದರಡಿಗೆ ಮುಗಿಯಲ್ಲ.

ಬೋಗಾದಿ ಗುದ್ದಲಿ · 11:17
ಅದನ್ನೇ ನಾನು ಎರಡು ಸಾಲಿನಲ್ಲಿ ಹೇಳಿದ್ದು.

ಹೂಟಗಳ್ಳಿ ಹೊಸಬ · ಬುಧವಾರ ಬೆಳಿಗ್ಗೆ 7:05
ತೋಡಿದೆ. ಎರಡು ಗುಂಡಿಯಲ್ಲಿ ಗಾರೆ, ಒಂದರಲ್ಲಿ ಟಣ್. ಮನೆಗೆ ಅಂಟಿದ ಪೂರ್ವದ ಕಡೆ ಮಾತ್ರ ಒಳ್ಳೇ ಮಣ್ಣು. ಅಡ್ವಾನ್ಸ್ ಹೋಗ್ಲಿ ಅಂತ ಬಿಟ್ಟುಬಿಡ್ಲಾ?

ಲೆಕ್ಕದ ಮೇಷ್ಟ್ರು · 7:30
ಬಿಡಬೇಡಿ, ಕಡಿಮೆ ಮಾಡಿ. ನರ್ಸರಿಗೆ ಫೋನ್ ಮಾಡಿ ಆ ಒಳ್ಳೇ ಮಣ್ಣಿನ ಕಡೆಗೆ 200 ಚದರಡಿ ಸಾಕು ಅನ್ನಿ. 18.6 ಚದರ ಮೀಟರ್. ಮೊದಲ ದಿನ 372 ಲೀಟರ್, ಆಮೇಲೆ ದಿನಕ್ಕೆ 93. ಅಕ್ಕನ ಡ್ರಮ್ಮಿನಲ್ಲೇ ಮುಗಿಯಿತು. ಮೊದಲ ದಿನದ 372 ಲೀಟರಿಗೆ ಸಂಸ್ಕರಿಸಿದ ನೀರಿನ ಟ್ಯಾಂಕರ್ ಅಕ್ಕಪಕ್ಕದವರ ಜೊತೆ ಹಂಚಿಕೊಂಡು ತರಿಸಿ. ಊರಿನಲ್ಲಿ ಕೆಸರೆ, ರಾಯನಕೆರೆ, ವಿದ್ಯಾರಣ್ಯಪುರಂ ಮೂರು ಕಡೆ ಒಳಚರಂಡಿ ನೀರು ಶುದ್ಧ ಮಾಡೋ ಘಟಕ ಇವೆ. ದೊಡ್ಡ ಅಪಾರ್ಟ್‌ಮೆಂಟಿನವರನ್ನೂ ಕೇಳಿ ನೋಡಿ, ಅವರಿಗೆ ಆ ನೀರು ಎಲ್ಲಿ ಬಿಡೋದು ಅನ್ನೋದೇ ಚಿಂತೆ.

ಕೆಸರೆ ಕುಂಟೆ · 7:38
ಆ ನೀರನ್ನ ಸ್ಪ್ರಿಂಕ್ಲರಿನಲ್ಲಿ ಹಾರಿಸಬೇಡಿ, ಹನಿ ಗಾಳಿಗೆ ಸೇರಿ ಉಸಿರಿಗೆ ಬರುತ್ತೆ. ನೆಲದ ಮೇಲೆ ಹರಿಸಿ. ಒಣಗೋ ತನಕ ಮಕ್ಕಳನ್ನ ಬಿಡಬೇಡಿ.

ಅರ್ಧ ಇಂಚು ಪೈಪು · 7:55
ಸ್ಪ್ರಿಂಕ್ಲರ್ ಮಾತು ಬಂತಲ್ಲ, ಹೇಳ್ತೀನಿ. ಟ್ಯಾಂಕ್ 8 ಮೀಟರ್ ಎತ್ತರ ಇದ್ರೆ ಕೆಳಗೆ ಸಿಗೋ ಒತ್ತಡ 0.8 ಬಾರ್, ಪೈಪಿನ ತಿರುವಿನಲ್ಲಿ ಇನ್ನೂ ಕಮ್ಮಿ. ನೆಲದಿಂದ ಮೇಲೆದ್ದು ಸುತ್ತೋ ತಲೆಗಳಿಗೆ 2 ಬಾರ್ ಬೇಕು. ಅವು ಎದ್ದು ನಿಂತು ಬಾಯಿ ಮುಕ್ಕಳಿಸಿದ ಹಾಗೆ ಉಗುಳ್ತವೆ ಅಷ್ಟೇ. ಹತ್ತಿರ ಹೊಂಡ, ದೂರ ಒಣಗು. ತೂತು ಇರೋ ಮೆತ್ತನೆ ರೈನ್ ಪೈಪ್ ಆದ್ರೆ ಅರ್ಧ ಬಾರಿಗೂ ಕೆಲಸ ಮಾಡುತ್ತೆ, ಆದ್ರೆ ಡ್ರಮ್ಮಿನ ನೀರಿಗೆ ಅದೂ ಆಗಲ್ಲ. ಡ್ರಮ್ಮಿಗೆ ಸಣ್ಣ ತೂತುಗಳ ತಲೆ ಹಾಕಿದ ನೀರಿನ ಕ್ಯಾನೇ ಸರಿ. 10 ಲೀಟರಿನ ಕ್ಯಾನ್, 9 ಸಲ ನಡೆದ್ರೆ ಮುಗೀತು.

ಪೈಪಿನಲ್ಲೇ ಬಿಡೋರಿಗೆ: 15 ಲೀಟರಿನ ಬಕೆಟ್ ತುಂಬೋಕೆ ಎಷ್ಟು ಸೆಕೆಂಡು ನೋಡಿ. 60 ಸೆಕೆಂಡಾದ್ರೆ 93 ಲೀಟರಿಗೆ 6 ನಿಮಿಷ ಚಿಲ್ಲರೆ. ಗಡಿಯಾರ ನೋಡಿ ನಿಲ್ಲಿಸಿ, ಹಸಿರು ನೋಡ್ಕೊಂಡು ನಿಂತ್ರೆ ಅರ್ಧ ಗಂಟೆ ಆಗಿರುತ್ತೆ. ಎಲ್ಲ ಕಡೆ ಒಂದೇ ಸಮ ಬೀಳ್ತಿದೆಯಾ ಅಂತ ನೋಡೋಕೆ ನಾಲ್ಕೈದು ಸ್ಟೀಲ್ ಲೋಟ ಇಟ್ಟು ಅಳೀರಿ.

ಲೆಕ್ಕದ ಮೇಷ್ಟ್ರು · 7:59
ಲೋಟ ಬೇಡ. ಬಾಯಿ ಅಗಲ, ತಳ ಸಣ್ಣ, ಮಿ.ಮೀ. ಲೆಕ್ಕ ತಪ್ಪು ತೋರಿಸುತ್ತೆ. ತಳ, ಬಾಯಿ ಒಂದೇ ಅಳತೆಯ ಡಬ್ಬಿ ಇಡಿ.

ಅರ್ಧ ಇಂಚು ಪೈಪು · 8:01
ಸರಿ ಮೇಷ್ಟ್ರೇ, ಡಬ್ಬಿ.

ತಿಪ್ಪೆಗುಂಡಿ · 8:30
ಹಾಸೋ ದಿನದ ಬಗ್ಗೆ. ಗಾಡಿ ಬೆಳಿಗ್ಗೆ 8ರೊಳಗೆ ಬರಬೇಕು, ಸಂಜೆಯೊಳಗೆ ಹಾಸಿ ಮುಗಿಸಬೇಕು. ಪೇರಿಸಿಟ್ಟ ಹಾಸು ಒಳಗೊಳಗೇ ಬಿಸಿಯಾಗಿ ಮಾರನೇ ದಿನಕ್ಕೆ ಹಳದಿ. ಇಳಿಸುವಾಗಲೇ ಒಂದು ತುಂಡಿನ ಅಡಿ ತಿರುಗಿಸಿ ನೋಡಿ. ಪ್ಲಾಸ್ಟಿಕ್ ಹಾಳೆ ಮೇಲೆ ಬೆಳೆಸಿದ್ದಾದ್ರೆ ಬೇರು ನುಣ್ಣಗೆ ಹೆಣೆದು ಚಪಾತಿ ಆಗಿರುತ್ತೆ, ಅಂಟು ಜೇಡಿ ಇರುತ್ತೆ. ಹಾಗೇ ಹಾಸಿದ್ರೆ ನೀರು ಆ ಜೇಡಿಯಲ್ಲೇ ನಿಂತು ಕೆಳಗೆ ಇಳಿಯಲ್ಲ. ಮೇಲೆ ಒದ್ದೆ, ಕೆಳಗೆ ಧೂಳು. ಕೈಕುಂಟೆ ಹಲ್ಲಿನಲ್ಲಿ ಅಡಿಭಾಗ ಗೀರಿ, ಬೇರು ಬಿಡಿಸಿ ಹಾಸಿ. ಕೆಳಗಿನ ಮಣ್ಣು ಹಿಂದಿನ ಸಂಜೆಯೇ ನೆನೆದಿರಬೇಕು, ಕೆಸರಾಗಬಾರದು. ಸಾಲುಗಳು ಇಟ್ಟಿಗೆ ಗೋಡೆ ವರಸೆಯಲ್ಲಿ, ಸಂದಿ ಒಂದರ ಮೇಲೊಂದು ಬರಬಾರದು. ಸಂದಿಗೆ ಜರಡಿ ಹಿಡಿದ ಮರಳು-ಗೊಬ್ಬರ ತುಂಬಿ. ಮೊದಲು ಒಣಗೋದು ಸಂದಿ, ಅಂಚು, ಆಮೇಲೆ ಕಾಂಪೌಂಡ್ ಗೋಡೆಯ ಬುಡ, ಯಾಕಂದ್ರೆ ಗೋಡೆ ಸಂಜೆ ತನಕ ಬಿಸಿ ಉಗುಳುತ್ತೆ. ಕ್ಯಾನ್ ಹಿಡಿದಾಗ ಅಲ್ಲಿಂದ ಶುರು ಮಾಡಿ.

ಆಮೇಲೆ ರೋಲರ್. ಸಿಗದಿದ್ರೆ ಹಲಗೆ ಇಟ್ಟು ಅದರ ಮೇಲೆ ನಡೆಯಿರಿ. ಗಾಳಿ ಸಂದು ಉಳಿದ ಕಡೆ ಬೇರು ಒಣಗುತ್ತೆ, ಅಂಗೈ ಅಗಲದ ಹಳದಿ ಮಚ್ಚೆ ಅಲ್ಲೇ ಬರೋದು.

ಮೊದಲ ವಾರ 93 ಲೀಟರನ್ನ ಮೂರು ಭಾಗ ಮಾಡಿ: ಬೆಳಿಗ್ಗೆ 40, ಮಧ್ಯಾಹ್ನ 12ಕ್ಕೆ 25, ಮೂರೂವರೆಗೆ ಮಿಕ್ಕಿದ್ದು. ಮಧ್ಯಾಹ್ನ ನೆನೆಸಿದ ಗೋಣಿಚೀಲ ಹೊದಿಸಿದ್ರೆ ಇನ್ನೂ ಉಳಿಯುತ್ತೆ, ಸಂಜೆ ತೆಗೆದುಬಿಡಿ.

ಕೆಸರೆ ಕುಂಟೆ · 8:36
ಮಧ್ಯಾಹ್ನ ನೀರು ಹಾಕಿದ್ರೆ ಎಲೆ ಸುಡುತ್ತೆ ಅಂತಾರಲ್ಲ?

ತಿಪ್ಪೆಗುಂಡಿ · 8:40
ಹನಿ ಭೂತಗನ್ನಡಿ ಆಗಿ ಸುಡುತ್ತೆ ಅನ್ನೋದೆಲ್ಲ ಸುಳ್ಳು. ನಷ್ಟ ಏನಂದ್ರೆ ಒಂದಷ್ಟು ನೀರು ಆವಿ. ಬೇರೂರಿದ ಲಾನಿಗೆ ಮಧ್ಯಾಹ್ನ ಬೇಡವೇ ಬೇಡ, ಹೊಸ ಹಾಸಿಗೆ ಆ ತಂಪೇ ಜೀವ. ಕೆಡಿಸೋದು ರಾತ್ರಿ ನೀರು. ಎಲೆ ರಾತ್ರಿಯೆಲ್ಲ ಒದ್ದೆ ಇದ್ರೆ ಬೂಷ್ಟು, ದುಂಡಗೆ ಕಂದು ಮಚ್ಚೆ.

ಸರಸ್ವತಿಪುರಂ ಅಕ್ಕ · 8:52
ಹತ್ತು ದಿನ ಆದ ಮೇಲೆ ಒಂದು ಮೂಲೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಎದ್ದು ಬಂದ್ರೆ ಬೇರು ಇಳಿದಿಲ್ಲ. ಜಗ್ಗಿ ಹಿಡಿದ್ರೆ ಅವತ್ತಿನಿಂದ ದಿನದ ನೀರು ನಿಲ್ಲಿಸಿ, ಎರಡು ದಿನಕ್ಕೊಮ್ಮೆ 190 ಲೀಟರ್. ಮೂರು ವಾರ ಕಳೆದ ಮೇಲೆ ಮೂರು ದಿನಕ್ಕೊಮ್ಮೆ, ಆಮೇಲೆ ನಾಲ್ಕು. ಒಟ್ಟು ನೀರು ಅಷ್ಟೇ ಆಗುತ್ತೆ, ಆದರೆ ಬೇರು ನೀರನ್ನ ಹುಡುಕಿಕೊಂಡು ಕೆಳಗೆ ಹೋಗುತ್ತೆ. ಎಲ್ಲರೂ ತಪ್ಪೋದು ಇಲ್ಲೇ, ಪಾಪ ಅಂತ ದಿನಾ ಚೂರು ಚೂರು ಹಾಕ್ತಾರೆ. ಬೇಕಾದಾಗ ಅದೇ ಹೇಳುತ್ತೆ: ಬಣ್ಣ ಬೂದಿ ನೀಲಿಗೆ ತಿರುಗುತ್ತೆ, ನಡೆದ್ರೆ ಹೆಜ್ಜೆ ಗುರುತು ಹಾಗೇ ಉಳಿಯುತ್ತೆ.

ಹೂಟಗಳ್ಳಿ ಹೊಸಬ · 9:40
ನರ್ಸರಿಯವರು ಗೊಣಗಿದ್ರು, 200ಕ್ಕೆ ಒಪ್ಪಿದ್ರು. ಉಳಿದ 400 ಚದರಡಿಗೆ ಜೂನಿನಲ್ಲಿ ಮಳೆ ಶುರುವಾದ ತಕ್ಷಣ ಮೆಕ್ಸಿಕನ್ ಕಡ್ಡಿ ನಾಟಿ ಮಾಡಿದ್ರೆ ಆಗುತ್ತಾ?

ಬೋಗಾದಿ ಗುದ್ದಲಿ · 9:55
ಎರಡು ತಪ್ಪು.

ಒಂದು, ಜೂನ್. ಪುಸ್ತಕದಲ್ಲಿ ಮುಂಗಾರಿಗೆ ಹಾಕಿ ಅಂತ ಇರುತ್ತೆ, ಅದು ಮಲೆನಾಡಿಗೆ. ಮೈಸೂರಿಗೆ ಮಳೆ ಜೋರು ಮೇನಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಮ್ಮೆ. ಮಧ್ಯೆ ಆಷಾಢ. ಮೋಡ ಇರುತ್ತೆ, ಉದುರೋದು ಜುಮುರು, ಗಾಳಿ ಮಾತ್ರ ಹಗಲು ರಾತ್ರಿ. ಆ ಗಾಳಿ ಎಳೇ ಕಡ್ಡೀನ ಬಿಸಿಲಿಗಿಂತ ಬೇಗ ಒಣಗಿಸುತ್ತೆ. ಸೆಪ್ಟೆಂಬರ್ 13ರ ಸುಮಾರಿಗೆ ಉತ್ತರೆ ಹುಟ್ಟುತ್ತೆ, ಹಿಂದೇನೇ ಹಸ್ತ, ಚಿತ್ತೆ. ಆರು ವಾರ. ನಾಟಿಗೆ ಅಷ್ಟೇ ಬೇಕಿರೋದು.

ಎರಡು, ಮೆಕ್ಸಿಕನ್. ನರ್ಸರಿಯಲ್ಲಿ ಆ ಹೆಸರಲ್ಲಿ ಕೊಡೋದು ಬಹುಪಾಲು ಜಾಯ್ಸಿಯಾ. ಮೆಕ್ಸಿಕೋಗೂ ಅದಕ್ಕೂ ಏನೂ ಸಂಬಂಧ ಇಲ್ಲ, ಪೂರ್ವ ಏಷ್ಯಾದ ಹುಲ್ಲು. ಹಾಸಾಗಿ ಹಾಕಿದ್ರೆ ಚೆಂದ, ಸ್ವಲ್ಪ ನೆರಳೂ ತಡೆಯುತ್ತೆ. ಆದ್ರೆ ಹಬ್ಬೋದು ಬಸವನಹುಳು. ಕಡ್ಡಿ ನಾಟಿ ಮಾಡಿದ್ರೆ ನೆಲ ಮುಚ್ಚೋಕೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಕಳೆ ಮುಚ್ಚಿರುತ್ತೆ. ಬಿಸಿಲು ದಿನಕ್ಕೆ 6 ಗಂಟೆ ಬೀಳೋ ಕಡೆ ಸೆಲೆಕ್ಷನ್ ಒನ್ ಹಾಕಿ. ನಮ್ಮ ಗರಿಕೆಯ ಜಾತಿನೇ, ಎಲೆ ಸಣ್ಣ. ಬರ ಬಂದ್ರೆ ಕಂದಾಗಿ ಮಲಗುತ್ತೆ, ಮಳೆ ಬಿದ್ರೆ ಏಳುತ್ತೆ.

ಎರಡು ಮೂರು ಗಿಣ್ಣು ಇರೋ ಕಡ್ಡಿ, 3-4 ಅಂಗುಲ ಅಂತರ, ಒಂದು ಗಿಣ್ಣು ಮಣ್ಣೊಳಗೆ. 1 ಚದರಡಿ ಹುಲ್ಲು ಬಿಡಿಸಿದ್ರೆ 8-10 ಚದರಡಿಗೆ ಆಗುತ್ತೆ. ಅಂದ್ರೆ 400ಕ್ಕೆ 50 ಚದರಡಿ ಕೊಂಡ್ರೆ ಸಾಕು. ದುಡ್ಡೂ ಉಳೀತು.

ಬರಿಗಾಲು · 10:01
ಗರಿಕೆ ಹಾಕಿದ್ರೆ ಗಣಪತಿ ಹಬ್ಬಕ್ಕೆ ಇಡೀ ಬೀದಿ ನಿಮ್ಮ ಗೇಟಿನ ಮುಂದೆ. ಮೊವರ್ ಬೇಕಾಗಲ್ಲ.

ಬೋಗಾದಿ ಗುದ್ದಲಿ · 10:03
ಉತ್ತರೆ ನಾಟಿಗೆ ಹಬ್ಬ ಅಷ್ಟೊತ್ತಿಗೆ ಮುಗಿದಿರುತ್ತೆ, ಇಲ್ಲಾಂದ್ರೆ ಹೊಸ್ತಿಲಲ್ಲಿರುತ್ತೆ. ಒಂದು ವರ್ಷ ಬಚಾವ್.

ಜೇಕುವೈರಿ · 10:20
ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಆ 400 ಚದರಡಿ ಖಾಲಿ ಬಿಡಬೇಡಿ. ಗಾರೆ ತೆಗೆದು, ಅಗೆದು, ಒಮ್ಮೆ ಚೆನ್ನಾಗಿ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಕೊಡಿ. ಏಪ್ರಿಲ್ ಬಿಸಿಲು 6 ವಾರ ಬೇಯಿಸಲಿ. ಕಳೆ ಬೀಜ ಸಾಯುತ್ತೆ. ಕಪ್ಪು ಹಾಳೆ ಬೇಡ, ಮಣ್ಣಿಗೆ ಅಷ್ಟು ಶಾಖ ಇಳಿಯಲ್ಲ.

ತಿಪ್ಪೆಗುಂಡಿ · 10:24
ಬೀಜ ಸಾಯುತ್ತೆ, ನಿಮ್ಮ ವೈರಿ ಸಾಯಲ್ಲ. ಜೇಕು ಅನ್ನೋ ಕಳೆಯ ಗಡ್ಡೆ ಒಂದಡಿ ಕೆಳಗೂ ಇರುತ್ತೆ, ಅಲ್ಲಿಗೆ ಬಿಸಿ ಹೋಗಲ್ಲ.

ಜೇಕುವೈರಿ · 10:33
ಒಪ್ಪಿದೆ. ಹಾಳೆ ತೆಗೆದ ಮೇಲೆ ಮೇ ಮಳೆಗೆ ಮಿಕ್ಕ ಗಡ್ಡೆ ಚಿಗುರುತ್ತೆ, ಆಗ ನಾಲ್ಕೈದು ಎಲೆ ಬರೋಷ್ಟರಲ್ಲಿ ಗಡ್ಡೆ ಸಮೇತ ಕೀಳಬೇಕು. ಎಲೆ ಮಾತ್ರ ಕಿತ್ರೆ ಒಂದಕ್ಕೆ ಎರಡು. ಜೂನಿನಿಂದ ಆಗಸ್ಟ್‌ವರೆಗೆ ಅಲಸಂದೆ ಚೆಲ್ಲಿಬಿಡಿ, ನೆರಳಿಗೆ ಜೇಕು ಸೊರಗುತ್ತೆ. ಹೂ ಬಿಡೋ ಹೊತ್ತಿಗೆ ಅದನ್ನೇ ಮಣ್ಣಿಗೆ ಮಗುಚಿ, ನಾಟಿಗೆ ಮೂರು ವಾರ ಮುಂಚೆ.

ಸರಸ್ವತಿಪುರಂ ಅಕ್ಕ · 10:37
ಅಲಸಂದೆ ಕಾಯಿ ಬರೋ ಮೊದಲೇ ಮಗುಚೋದಾ? ಹೊಟ್ಟೆ ಉರಿಯುತ್ತೆ. ಒಂದು ಸಾಲಾದ್ರೂ ಬಿಟ್ಕೊಳ್ಳಿ, ಎಳೇ ಕಾಯಿ ಪಲ್ಯಕ್ಕೆ.

ಮಂಡ್ಯದ ಗದ್ದೆಬದು · 10:41
ನೋಡಿ, ಲಾನ್ ಅಂತ ಶುರುವಾಗಿದ್ದು ಪಲ್ಯಕ್ಕೆ ಬಂತು. ಇಡೀ 400ಕ್ಕೂ ತರಕಾರಿನೇ ಹಾಕಿ ಅಂತ ನಾನು ಆಗಲೇ ಹೇಳ್ಬೇಕಿತ್ತು.

ಕೆಸರೆ ಕುಂಟೆ · 10:44
ಪ್ಲಾಸ್ಟಿಕ್ ಹುಲ್ಲು ಹಾಕಿದ್ರೆ ಈ ತಲೆನೋವೇ ಇಲ್ಲ.

ಬರಿಗಾಲು · 10:45
ನನ್ನ ಹೆಸರು ನೋಡಿ ಮಾತಾಡಿ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಕಾಲಿಟ್ಟು ತೋರಿಸಿ. ತಂಪು ಮಾಡೋಕೆ ಅದಕ್ಕೂ ನೀರು ಚೆಲ್ಲಬೇಕು.

ಹೂಟಗಳ್ಳಿ ಹೊಸಬ · ಭಾನುವಾರ ಸಂಜೆ 6:18
ಶುಕ್ರವಾರ ಹಾಸಿ ಆಯ್ತು, 200 ಚದರಡಿ. ಟ್ಯಾಂಕರ್ ಮೂರು ಮನೆ ಸೇರಿ ತರಿಸಿದ್ವಿ. ಡ್ರಮ್ ಇಟ್ಟಾಗಿದೆ. ಎರಡು ಪ್ರಶ್ನೆ. ಗೇಟ್ ಕಡೆ ಎರಡು ತುಂಡು ಎಲೆ ತಿಳಿ ಹಳದಿ, ನರ ಮಾತ್ರ ಹಸಿರು. ಯೂರಿಯಾ ಹಾಕ್ಲಾ? ಮತ್ತೆ ಮೊದಲ ಸಲ ಕತ್ತರಿಸೋದು ಯಾವಾಗ?

ತಿಪ್ಪೆಗುಂಡಿ · 6:30
ಯೂರಿಯಾ ಮುಟ್ಟಬೇಡಿ. ನೀರು ಕಮ್ಮಿ ಇರುವಾಗ ಅದು ಬೇರು ಸುಡುತ್ತೆ, ಎಲೆ ಉದ್ದ ಬೆಳೆದು ಇನ್ನೂ ನೀರು ಕೇಳುತ್ತೆ. ಎರಡೇ ದಿನಕ್ಕೆ ಬಂದಿದೆ ಅಂದ್ರೆ ಹಾಸು ನರ್ಸರಿಯಿಂದಲೇ ಹಾಗೆ ಬಂದಿರಬೇಕು. ನರ ಹಸಿರು, ಮಧ್ಯ ಹಳದಿ ಅಂದ್ರೆ ಕಬ್ಬಿಣದ ಕೊರತೆ. ಗೇಟ್ ಹತ್ತಿರ ಮಣ್ಣಿನಲ್ಲಿ ಸಿಮೆಂಟ್ ಉಳಿದಿದ್ರೆ ಮುಂದೆ ಜಾಸ್ತಿ ಆಗುತ್ತೆ. ಬೇರು ಹಿಡಿದ ಮೇಲೆ ಅನ್ನಭೇದಿ (ಫೆರಸ್ ಸಲ್ಫೇಟ್) 5 ಗ್ರಾಂ, 1 ಲೀಟರ್ ನೀರು, ಅರ್ಧ ನಿಂಬೆಹಣ್ಣಿನ ರಸ, ಸಂಜೆ ಬಿಸಿಲು ಇಳಿದ ಮೇಲೆ ಎಲೆಗೆ ಸಿಂಪಡಿಸಿ. ಟೈಲ್ಸ್ ಮೇಲೆ ಬಿದ್ರೆ ತುಕ್ಕಿನ ಕಲೆ, ಹೋಗಲ್ಲ. ಮೊದಲೇ ಪೇಪರ್ ಹಾಸ್ಕೊಳ್ಳಿ.

ಸರಸ್ವತಿಪುರಂ ಅಕ್ಕ · 6:41
ಕತ್ತರಿಸೋದು ಮೂಲೆ ಎಳೆದಾಗ ಬರದೇ ಇದ್ದ ಮೇಲೆ, ಎತ್ತರ ಎರಡೂವರೆ ಅಂಗುಲ ಆದಾಗ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೀಬೇಡಿ. ಬೇಸಿಗೆ ಮುಗಿಯೋವರೆಗೆ ಎತ್ತರವಾಗೇ ಇರಲಿ, ತನ್ನ ಬುಡಕ್ಕೆ ತಾನೇ ನೆರಳು. ಬ್ಲೇಡ್ ಮೊಂಡಾಗಿದ್ರೆ ತುದಿ ಹರಿದು ಬೆಳ್ಳಗಾಗುತ್ತೆ, ಸಾಣೆ ಹಿಡಿಸಿ.

ಮಂಡ್ಯದ ಗದ್ದೆಬದು · 6:50
ಕತ್ತರಿಸಿದ್ದನ್ನ ಎಸೀಬೇಡಿ, ಪಕ್ಕದಲ್ಲಿ ಯಾರಾದ್ರೂ ಹಸು ಕಟ್ಟಿದ್ರೆ ಕೊಡಿ.

ಕೆಸರೆ ಕುಂಟೆ · 6:53
ಬಚ್ಚಲು ನೀರಿನ ಹುಲ್ಲು ಹಸುಗಾ? ಬೇಡ ಮಾರಾಯ್ರೇ. ಅಲ್ಲೇ ತೆಳ್ಳಗೆ ಉದುರಿಸಿ ಬಿಡಲಿ, ಒಣಗಿ ಗೊಬ್ಬರ ಆಗುತ್ತೆ.

ಮಂಡ್ಯದ ಗದ್ದೆಬದು · 6:55
ಅದೂ ಸರಿ.